ವೀರರು ಬರಲಿ, ವೈರಿಗಳು ಮನೆಯಲ್ಲೇ ಇರಲಿ

ಕನ್ನಡ ಪತ್ರಿಕೆಗಳಲ್ಲಿ ‘ಗೇಮ್’ ಎಂಬ ಪದ ಹೆಚ್ಚಾಗಿ ಎರಡೇ ಕಡೆ ಸಿಗುತ್ತದೆ. ಒಂದು ಅಪರಾಧ ಸುದ್ದಿಯ ಪುಟ: ಆನ್‌ಲೈನ್ ರಮ್ಮಿಯಲ್ಲಿ ಹಣ ಕಳೆದುಕೊಂಡವರು, ಸಾಲ ಮಾಡಿದವರು, ಊರು ಬಿಟ್ಟವರು. ಇನ್ನೊಂದು ವಾಣಿಜ್ಯ ಪುಟ: ಬೆಂಗಳೂರಿನ ಗೇಮಿಂಗ್ ಉದ್ಯಮ, ಹೂಡಿಕೆ, ಸರ್ಕಾರದ ನೀತಿ. ಸಿನಿಮಾಕ್ಕೆ ವಿಮರ್ಶೆ ಇದೆ, ಪುಸ್ತಕಕ್ಕಿದೆ, ನಾಟಕಕ್ಕಿದೆ, ಯಕ್ಷಗಾನಕ್ಕೂ ಇದೆ. ಒಂದು ವಿಡಿಯೋ ಗೇಮ್ ಚೆನ್ನಾಗಿದೆಯೇ, ಅದು ಆಡುವವರಿಗೆ ಏನು ಹೇಳುತ್ತದೆ ಎಂದು ಯಾರೂ ಕೂತು ಬರೆಯುವುದಿಲ್ಲ. ಹಾಗಾಗಿ ಈ ವಾರ ನಾವು ಒಂದು ಹಳೆಯ ಆಟದ ಬಗ್ಗೆ ಬರೆಯುತ್ತಿದ್ದೇವೆ. ಪುಕ್ಕಟೆ ಆಟ, ಒಬ್ಬನೇ ಅಭಿಮಾನಿ ಮಾಡಿದ್ದು. ಅದರ ನೆಪದಲ್ಲಿ ನಮ್ಮ ನಾಡಿನ ವೀರರ ಬಗ್ಗೆ ಒಂದು ಮಾತು ಹೇಳುವುದೂ ಇದೆ.

ಆಟದ ಹೆಸರು ಸೂಪರ್ ಮಾರಿಯೋ ಬ್ರದರ್ಸ್ ಕ್ರಾಸ್‌ಓವರ್. ಅದಕ್ಕೆ ಹೋಗುವ ಮೊದಲು ಮಾರಿಯೋ ನಮ್ಮೂರಿಗೆ ಹೇಗೆ ಬಂದ ಎಂಬುದನ್ನು ನೆನಪು ಮಾಡಿಕೊಳ್ಳಬೇಕು.

ಜಪಾನಿನ ನಿಂಟೆಂಡೊ ಕಂಪನಿ ಮೂಲ ಸೂಪರ್ ಮಾರಿಯೋ ಬ್ರದರ್ಸ್ ಆಟವನ್ನು ಬಿಡುಗಡೆ ಮಾಡಿದ್ದು 1985ರ ಸೆಪ್ಟೆಂಬರ್‌ನಲ್ಲಿ. ಶಿಗೆರು ಮಿಯಾಮೊಟೊ ಮತ್ತು ಅವರ ಸಂಗಡಿಗರ ಕೆಲಸ ಅದು. 8 ಲೋಕ, ಲೋಕಕ್ಕೆ 4ರಂತೆ ಒಟ್ಟು 32 ಹಂತ. ಎಲ್ಲ ಸೇರಿ ಅದರ ಗಾತ್ರ 40 ಕೆಬಿ. ಬೆಳಗಾದರೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ಶುಭೋದಯದ ಚಿತ್ರ ಅದಕ್ಕಿಂತ ದೊಡ್ಡದಿರುತ್ತದೆ. ಜಾಗ ಉಳಿಸಲು ಅವರು ಮೋಡಕ್ಕೂ ಪೊದೆಗೂ ಒಂದೇ ಆಕಾರ ಬಳಸಿದರು. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ತಮ್ಮ ಲುಯಿಜಿಯೂ ಅಷ್ಟೇ, ಅಣ್ಣ ಮಾರಿಯೋಗೇ ಬೇರೆ ಬಣ್ಣದ ಅಂಗಿ ತೊಡಿಸಿದ್ದು.

ಇದ್ಯಾವುದೂ ನಮಗೆ ಆಗ ಗೊತ್ತಿರಲಿಲ್ಲ. ನಿಂಟೆಂಡೊ ಎಂಬ ಹೆಸರನ್ನೇ ಕೇಳಿರಲಿಲ್ಲ. ನಮ್ಮ ಊರುಗಳಿಗೆ ಬಂದದ್ದು ‘ಟಿವಿ ಗೇಮ್’. ಸಮುರಾಯ್, ಮೀಡಿಯಾ ಎಂಬ ಹೆಸರಿನವು ಮೊದಲು ಬಂದವು. ಆಮೇಲೆ ಹೆಸರೇ ಇಲ್ಲದ ಚೀನಾ ಪೆಟ್ಟಿಗೆಗಳು ಬಂದವು. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಿಂದ ಮಾವನೋ ಚಿಕ್ಕಪ್ಪನೋ ತಂದದ್ದು, ತಾಲ್ಲೂಕು ಕೇಂದ್ರದ ಕ್ಯಾಸೆಟ್ ಅಂಗಡಿಯಲ್ಲಿ ಚೌಕಾಸಿ ಮಾಡಿ ಕೊಂಡದ್ದು. ಜೊತೆಗೊಂದು ಹಳದಿ ಕ್ಯಾಸೆಟ್, ಅದರ ಮೇಲೆ ‘9999 ಇನ್ 1’ ಎಂಬ ಚೀಟಿ. ಒಳಗೆ ಇರುತ್ತಿದ್ದದ್ದು ಕೆಲವೇ ಆಟ. ಅವೇ ಬೇರೆ ಬೇರೆ ಹಂತದಿಂದ ಶುರುವಾಗಿ ಬೇರೆ ಬೇರೆ ಸಂಖ್ಯೆಯಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಮಾರಿಯೋ, ಕಾಂಟ್ರಾ, ಟ್ಯಾಂಕು, ಬಾತುಕೋಳಿಗೆ ಗುಂಡು ಹೊಡೆಯುವುದು. ಟಿವಿಯಲ್ಲಿ ಚಾನೆಲ್ ಹುಡುಕಿ ಕೂರಿಸುವುದೇ ಅರ್ಧ ಗಂಟೆ. ‘ಪಿಕ್ಚರ್ ಟ್ಯೂಬ್ ಹೋಗತ್ತೆ’ ಎಂಬ ಬೈಗುಳ ಎಲ್ಲ ಮನೆಯಲ್ಲೂ ಒಂದೇ. ಆಟ ಅರ್ಧದಲ್ಲಿ ಉಳಿಸಿಡುವ ವ್ಯವಸ್ಥೆ ಇಲ್ಲದ್ದರಿಂದ, ಎಂಟನೇ ಲೋಕದ ಬಾಗಿಲಲ್ಲಿ ಕರೆಂಟು ಹೋದರೆ ಮತ್ತೆ ಒಂದರಿಂದಲೇ ಶುರು. ಲೋಡ್ ಶೆಡ್ಡಿಂಗ್ ವೇಳಾಪಟ್ಟಿ ನೋಡಿಕೊಂಡು ಆಡಿದ ಪೀಳಿಗೆ ನಮ್ಮದು.

ಕಾಂಟ್ರಾದ ಬಿಲ್, ಬಾರುಕೋಲು ಹಿಡಿದ ಸೈಮನ್ ಬೆಲ್ಮಾಂಟ್, ಕತ್ತಿ ಹಿಡಿದ ಪುಟ್ಟ ಲಿಂಕ್, ತೋಳೇ ತೋಪಾಗಿರುವ ಮೆಗಾಮ್ಯಾನ್, ರಕ್ಷಾಕವಚದೊಳಗಿನ ಸ್ಯಾಮಸ್. ಇವರೆಲ್ಲ 1986ರಿಂದ 1988ರೊಳಗೆ ಅದೇ ಪೆಟ್ಟಿಗೆಯ ಮೇಲೆ ಬಂದ ವೀರರು. ಮೆಟ್ರಾಯ್ಡ್ ಆಟ ಬೇಗ ಮುಗಿಸಿದವರಿಗೆ ಮಾತ್ರ ಕೊನೆಯಲ್ಲಿ ಸ್ಯಾಮಸ್ ಹೆಂಗಸು ಎಂದು ಗೊತ್ತಾಗುತ್ತಿತ್ತು. ಒಬ್ಬರ ಮಾಲೀಕತ್ವ ನಿಂಟೆಂಡೊದ್ದು, ಒಬ್ಬರದು ಕೊನಾಮಿಯದು, ಒಬ್ಬರದು ಕ್ಯಾಪ್‌ಕಾಮ್‌ನದು. ಒಬ್ಬರ ಆಟಕ್ಕೆ ಇನ್ನೊಬ್ಬರು ಕಾಲಿಡುವಂತಿರಲಿಲ್ಲ.

ಜೇ ಪಾವ್ಲಿನಾ ಎಂಬ ಅಮೆರಿಕದ ಯುವಕ ಈ ಬೇಲಿ ಹಾರಿದ. 2010ರ ಏಪ್ರಿಲ್ ಕೊನೆಯಲ್ಲಿ ಆತ ತನ್ನ ಕ್ರಾಸ್‌ಓವರ್ ಆಟವನ್ನು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಬಿಟ್ಟ. ಮಾರಿಯೋನ ಹಳೆಯ 32 ಹಂತಗಳು, ಅದೇ ಇಟ್ಟಿಗೆ, ಅದೇ ಕೊಳವೆ, ಅದೇ ಆಮೆ. ಆದರೆ ಓಡುವವನು ಮಾರಿಯೋನೇ ಆಗಬೇಕಿಲ್ಲ. ಲಿಂಕ್ ಬರಬಹುದು, ಸ್ಯಾಮಸ್ ಬರಬಹುದು, ಬಿಲ್, ಸೈಮನ್, ಮೆಗಾಮ್ಯಾನ್ ಯಾರೂ ಬರಬಹುದು. ಪ್ರತಿಯೊಬ್ಬರೂ ತಮ್ಮ ಆಯುಧ, ತಮ್ಮ ನೆಗೆತ, ತಮ್ಮ ಆಟದ ಸಂಗೀತವನ್ನು ಜೊತೆಗೇ ತರುತ್ತಾರೆ. ನಾವು ಇದನ್ನು ಆಡಿದ್ದು ಕಾಲೇಜು ದಿನಗಳಲ್ಲಿ, ಸೈಬರ್ ಕೆಫೆಯಲ್ಲಿ, ಗಂಟೆಗೆ ಇಷ್ಟು ಎಂದು ದುಡ್ಡು ಕೊಟ್ಟು, ಪರದೆ ಸರಿಸಿ ಯಾರಾದರೂ ನೋಡಿದರೆ ನೋಟ್ಸ್ ಹುಡುಕುವವರಂತೆ ನಟಿಸುತ್ತ.

ಆಡುವಾಗ ಒಂದು ಸಂಗತಿ ಮನಸ್ಸಿಗೆ ನಾಟುತ್ತದೆ. ಮಾರಿಯೋಗೆಂದು ಕಟ್ಟಿದ ದಾರಿಯಲ್ಲಿ ಬೇರೆಯವರು ಸುಲಭವಾಗಿ ನಡೆಯಲಾರರು. ಮಾರಿಯೋ ಆಮೆಯ ತಲೆ ಮೇಲೆ ಹಾರಿ ಕೊಲ್ಲುತ್ತಾನೆ, ಉಳಿದವರು ಹಾಗೆ ಮಾಡಹೋದರೆ ಪೆಟ್ಟು ತಿನ್ನುತ್ತಾರೆ. ಆದರೆ ಸ್ಯಾಮಸ್ ಉಂಡೆಯಾಗಿ ಉರುಳಿ ಸಂದಿಯಲ್ಲಿ ನುಸುಳುತ್ತಾಳೆ. ಬಿಲ್ ದೂರದಿಂದಲೇ ಗುಂಡು ಹಾರಿಸುತ್ತಾನೆ. ದಾರಿ ಒಂದೇ, ಕಷ್ಟ ಒಬ್ಬೊಬ್ಬರಿಗೆ ಒಂದೊಂದು ಕಡೆ. ಯಾರು ದೊಡ್ಡವರು ಎಂಬ ಪ್ರಶ್ನೆಯೇ ಅಲ್ಲಿ ಸುಳ್ಳಾಗುತ್ತದೆ.

ಇನ್ನೊಂದು ಸಂಗತಿ ಗೊತ್ತಾಗಲು ನಮಗೆ ವರ್ಷಗಳೇ ಬೇಕಾದವು. ಆ ಮೊದಲ ಆವೃತ್ತಿಯಲ್ಲಿ ವೀರರು ಬಂದರು, ಅವರ ವೈರಿಗಳು ಬರಲಿಲ್ಲ. ಸೈಮನ್ ಬಂದ, ಡ್ರಾಕುಲಾ ಬರಲಿಲ್ಲ. ಲಿಂಕ್ ಬಂದ, ಅವನ ಗ್ಯಾನನ್ ಬರಲಿಲ್ಲ. ಪ್ರತಿಯೊಬ್ಬರೂ ತಮ್ಮ ಹಗೆಯನ್ನು ತಮ್ಮ ಮನೆಯಲ್ಲೇ ಬಿಟ್ಟು, ಇನ್ನೊಬ್ಬರ ಊರಿನ ಕಷ್ಟಕ್ಕೆ ಹೆಗಲು ಕೊಡಲು ಬಂದವರು. ಆರು ಜನ ವೀರರು ಒಂದೇ ಆಟದಲ್ಲಿ ಇರಲು ಸಾಧ್ಯವಾದದ್ದು ಹಾಗೆ. ಎಲ್ಲರೂ ತಮ್ಮ ತಮ್ಮ ವೈರಿಗಳನ್ನೂ ಕಟ್ಟಿಕೊಂಡು ಬಂದಿದ್ದರೆ ಆ ಪುಟ್ಟ ಪರದೆಯ ಮೇಲೆ ಕಾಲಿಡಲು ಜಾಗ ಇರುತ್ತಿರಲಿಲ್ಲ.

ಇದು ಹೊರಗಿನವರು ಕಂಡುಹಿಡಿದ ವಿದ್ಯೆ ಎಂದು ತಿಳಿಯಬೇಕಿಲ್ಲ. ಯಕ್ಷಗಾನ ನೋಡಿದವರಿಗೆ ‘ಶರಸೇತು ಬಂಧನ’ ಪ್ರಸಂಗ ಗೊತ್ತು. ರಾಮನು ಸಮುದ್ರಕ್ಕೆ ಕಪಿಗಳಿಂದ ಕಲ್ಲು ಹೊರಿಸಿದ್ದು ಯಾಕೆ, ಬಾಣದಲ್ಲೇ ಸೇತುವೆ ಕಟ್ಟಬಹುದಿತ್ತಲ್ಲ ಎಂದು ಅರ್ಜುನ ಜಂಬ ಕೊಚ್ಚುತ್ತಾನೆ. ಎದುರಿಗಿದ್ದ ಮುದಿ ಕೋತಿ, ಕಟ್ಟು ನೋಡೋಣ, ನನ್ನ ಭಾರ ತಡೆಯುತ್ತದೆಯೇ ಎನ್ನುತ್ತದೆ. ಅದು ಹನುಮಂತ. ಬಾಣದ ಸೇತುವೆ ಕಟ್ಟುವುದು, ಅದರ ಮೇಲೆ ಹಾರುವುದು, ಅದು ಮುರಿಯುವುದು. ಹೇಳಿ, ಇದು ಪ್ಲಾಟ್‌ಫಾರ್ಮ್ ಗೇಮ್ ಅಲ್ಲವೇ? ತ್ರೇತಾಯುಗದ ವೀರನನ್ನು ದ್ವಾಪರಕ್ಕೆ ಕರೆತಂದು ಇಬ್ಬರ ಶಕ್ತಿಯನ್ನೂ ಒಂದೇ ಸೇತುವೆಯ ಮೇಲೆ ಪರೀಕ್ಷೆ ಮಾಡಿದ ಕಥೆ ಅದು. ಕೊನೆಗೆ ಹನುಮಂತ ಅರ್ಜುನನ ಬಾವುಟದಲ್ಲಿ ಕೂರುತ್ತಾನೆ. ರಾವಣ ಈ ಕಥೆಗೆ ಬರುವುದಿಲ್ಲ, ಬರುವ ಅಗತ್ಯವೂ ಇಲ್ಲ.

ಕರಾವಳಿಯಲ್ಲಿ ಕೂಡಾಟ ಎಂಬ ಪದ್ಧತಿಯಿದೆ. ಎರಡು ಮೇಳದ ಕಲಾವಿದರು ಒಂದೇ ರಂಗಸ್ಥಳದಲ್ಲಿ ಕೂಡಿ ಆಡುತ್ತಾರೆ. ಪಕ್ಕಪಕ್ಕದ ಎರಡು ರಂಗಸ್ಥಳದಲ್ಲಿ ಪೈಪೋಟಿಗೆ ಬಿದ್ದು ಆಡಿದರೆ ಅದು ಜೋಡಾಟ. ಹಳೇ ಮೈಸೂರು ಕಡೆಯ ಮನೆಗಳಲ್ಲಿ ದಸರೆಗೆ ಗೊಂಬೆ ಕೂರಿಸುತ್ತಾರೆ. ಒಂದೇ ಮೆಟ್ಟಿಲ ಮೇಲೆ ಪಟ್ಟದ ಗೊಂಬೆ, ದಶಾವತಾರ, ಗಾಂಧಿ, ಚನ್ನಪಟ್ಟಣದ ಕುದುರೆ, ಕ್ರಿಕೆಟ್ ತಂಡ. ಕೃಷ್ಣನ ಪಕ್ಕ ಪೊಲೀಸಪ್ಪ ನಿಂತಿದ್ದಾನೆಂದು ಯಾವ ಅಜ್ಜಿಯೂ ತಕರಾರು ತೆಗೆಯುವುದಿಲ್ಲ. ಕ್ರಾಸ್‌ಓವರ್ ನಮ್ಮ ರಕ್ತದಲ್ಲೇ ಇದೆ, ಹೆಸರು ಮಾತ್ರ ಬೇರೆ.

ಹಾಗಿದ್ದರೆ ನಮ್ಮ ವೀರರು ಸೇರಿ ಓಡುವ ಒಂದು ಆಟ ಮನೆಮಾತಾಗಿಲ್ಲ ಯಾಕೆ?

ಕಲ್ಪಿಸಿಕೊಳ್ಳಲು ಕಷ್ಟವೇನಲ್ಲ. ಚಿತ್ರದುರ್ಗದ ಓಬವ್ವನ ಕಥೆಯನ್ನೇ ನೋಡಿ. ಕೋಟೆಯ ಕಿಂಡಿ, ಒಬ್ಬೊಬ್ಬರಾಗಿ ನುಸುಳಿ ಬರುವ ಸೈನಿಕರು, ಕೈಯಲ್ಲಿ ಒನಕೆ, ಕಾಯುವ ತಾಳ್ಮೆ, ಸರಿಯಾದ ಗಳಿಗೆಗೆ ಒಂದೇ ಪೆಟ್ಟು. ಗೇಮ್ ವಿನ್ಯಾಸ ಕಲಿಸುವವರು ಬರೆದಂತಿದೆ. ಉಳ್ಳಾಲದ ಅಬ್ಬಕ್ಕನಿಗೆ ಜನ ಕೊಟ್ಟಿರುವ ಆಯುಧ ಅಗ್ನಿಬಾಣ, ಅವಳು ದೂರದಿಂದ ಹೊಡೆಯುವವಳು. ಸಂಗೊಳ್ಳಿ ರಾಯಣ್ಣನದು ಗೆರಿಲ್ಲಾ ಯುದ್ಧ, ಅವನು ಅಡಗಿ ನುಗ್ಗುವವನು. ಭೀಮನಿಗೆ ಗದೆ, ಅವನ ಭಾರಕ್ಕೆ ಇಟ್ಟಿಗೆ ತಾನೇ ಒಡೆಯಬೇಕು. ಒಬ್ಬೊಬ್ಬರ ನೆಗೆತ ಬೇರೆ, ಅಳತೆ ಬೇರೆ, ಹಿನ್ನೆಲೆಗೆ ಒಬ್ಬರಿಗೆ ಚಂಡೆ, ಒಬ್ಬರಿಗೆ ಡೊಳ್ಳು, ಒಬ್ಬರಿಗೆ ಲಾವಣಿಯ ತಾಳ. ಇವರ ಮೇಲೆ ಯಾವ ಕಂಪನಿಗೂ ಹಕ್ಕುಸ್ವಾಮ್ಯ ಇಲ್ಲ. ಪಾವ್ಲಿನಾ ಮಾಡಿದ ಆಟ ಎಷ್ಟು ಚೆನ್ನಾಗಿದ್ದರೂ ಬೇರೆಯವರ ಸ್ವತ್ತಿನ ಮೇಲೆ ಕಟ್ಟಿದ್ದು. ಅದರಿಂದ ಮುಂದೆ 2012ರಲ್ಲಿ ಆತ ತನ್ನದೇ ವೀರರ ಹೊಸ ಆಟಕ್ಕೆಂದು ಜನರ ಬಳಿ ಚಂದಾ ಕೇಳಬೇಕಾಯಿತು. ನಮಗೆ ಆ ತೊಂದರೆ ಇಲ್ಲ. ಓಬವ್ವ ಎಲ್ಲರ ಆಸ್ತಿ.

ಎಲ್ಲರ ಆಸ್ತಿಯೇ? ಇಲ್ಲಿಗೆ ಬಂದಾಗ ಮಾತು ತಡೆಯುತ್ತದೆ. ವರದಿಗಾರಿಕೆ ಮಾಡುವ ನಮಗೆ ಗೊತ್ತಿರುವ ಕಟು ಸತ್ಯವೆಂದರೆ, ಹಕ್ಕುಸ್ವಾಮ್ಯ ಇಲ್ಲದ ವೀರರಿಗೂ ಮಾಲೀಕರು ಇದ್ದಾರೆ. ಒಬ್ಬ ವೀರ ಒಂದು ಜಾತಿಗೆ, ಇನ್ನೊಬ್ಬ ಒಂದು ಜಿಲ್ಲೆಗೆ, ಮತ್ತೊಬ್ಬ ಒಂದು ಪಕ್ಷಕ್ಕೆ. ಜಯಂತಿಗೆ ಯಾರ ಫ್ಲೆಕ್ಸ್ ಎಷ್ಟು ಎತ್ತರ, ಪ್ರತಿಮೆಯ ಮುಖ ಯಾವ ಕಡೆ, ವೃತ್ತಕ್ಕೆ ಯಾರ ಹೆಸರು. ಇವೆಲ್ಲ ತಹಶೀಲ್ದಾರ್ ಕಚೇರಿಯ ಶಾಂತಿ ಸಭೆಯ ವಿಷಯಗಳು. ನಮ್ಮಲ್ಲಿ ವೀರನನ್ನು ಕರೆದರೆ ಅವನೊಬ್ಬನೇ ಬರುವುದಿಲ್ಲ. ಅವನ ವೈರಿಯನ್ನೂ ಹಿಡಿದು ತಂದು, ಆ ವೈರಿಯ ಹೆಸರಲ್ಲಿ ಇವತ್ತಿನ ಪಕ್ಕದ ಮನೆಯವನತ್ತ ಬೆರಳು ತೋರಿಸುತ್ತೇವೆ. ಓಬವ್ವನ ಕಥೆ ಹೇಳಲು ಶುರು ಮಾಡಿ, ಮೂರನೇ ನಿಮಿಷಕ್ಕೆ ಯಾರಾದರೊಬ್ಬರು ಅದನ್ನು ಧರ್ಮದ ಜಗಳ ಮಾಡಿರುತ್ತಾರೆ.

2020ರ ಆಗಸ್ಟ್‌ನಲ್ಲಿ ಬೆಳಗಾವಿ ಪಕ್ಕದ ಪೀರನವಾಡಿಯಲ್ಲಿ ನಡೆದದ್ದು ನೆನಪಿರಬಹುದು. ರಾಯಣ್ಣನ ಪ್ರತಿಮೆ ನಿಲ್ಲಿಸಿದರು, ಆ ವೃತ್ತ ಶಿವಾಜಿಯದ್ದು ಎಂದು ಇನ್ನೊಂದು ಕಡೆಯವರು ನಿಂತರು, ಊರು ಬಿಗುವಾಯಿತು. ರಾಯಣ್ಣನನ್ನು ಬ್ರಿಟಿಷರು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಶಿವಾಜಿ ತೀರಿಕೊಂಡದ್ದು 1680ರಲ್ಲಿ. ನಡುವೆ ನೂರೈವತ್ತು ವರ್ಷ. ಒಬ್ಬರನ್ನೊಬ್ಬರು ಕಾಣದ ಇಬ್ಬರನ್ನು ನಾವು ವೈರಿಗಳಾಗಿಸಿ ಬೀದಿಯಲ್ಲಿ ನಿಲ್ಲಿಸಿದೆವು. ಕೊನೆಗೆ ಆದ ರಾಜಿ ಏನು ಗೊತ್ತೇ? ಪ್ರತಿಮೆ ರಾಯಣ್ಣನದೇ ಇರಲಿ, ವೃತ್ತಕ್ಕೆ ಶಿವಾಜಿಯ ಹೆಸರು. ಅಲ್ಲಿನ ಹಿರಿಯರು ಕೂತು ಮಾಡಿದ್ದು ಒಂದು ಕ್ರಾಸ್‌ಓವರ್. ಒಬ್ಬರ ಅಂಗಳದಲ್ಲಿ ಇನ್ನೊಬ್ಬರಿಗೆ ನಿಲ್ಲಲು ಜಾಗ.

ನಾವು ಬಾಡಿಗೆಗೆ ಇರುವ ಅನ್ನಪೂರ್ಣೇಶ್ವರಿ ನಗರವೂ ಇಂಥದೇ ಒಂದು ಅಂಗಳ. ನಾಗರಬಾವಿಯ ಪಕ್ಕ, ಜ್ಞಾನಭಾರತಿ ಕ್ಯಾಂಪಸ್ಸಿನ ಆಚೆ ಬದಿ. ನಮ್ಮ ಮನೆಯಲ್ಲೇ ಸಿಂಧನೂರಿನವನಿದ್ದಾನೆ, ಹಳಿಯಾಳದವನಿದ್ದಾನೆ, ಕೊಳ್ಳೇಗಾಲದವನಿದ್ದಾನೆ. ಎರಡು ಬೀದಿ ಆಚೆ ಪೇಯಿಂಗ್ ಗೆಸ್ಟ್‌ನಲ್ಲಿ ಹೊಸದುರ್ಗದವಳು, ಪುತ್ತೂರಿನವಳು. ಒಬ್ಬರ ‘ಹೌದ್ರೀ’, ಒಬ್ಬರ ‘ಹೂಂ ಕಣೋ’, ಒಬ್ಬರ ‘ಹೌದು ಮಾರಾಯ’. ಜೋಳದ ರೊಟ್ಟಿ, ರಾಗಿ ಮುದ್ದೆ, ಕುಚ್ಚಲಕ್ಕಿ ಗಂಜಿ ಮೂರೂ ಒಂದೇ ಸ್ಟವ್ ಮೇಲೆ ಸರದಿ ಕಾಯುತ್ತವೆ. ಊರಿನಲ್ಲಿ ಯಾರ ಬೀದಿಗೆ ಯಾರು ಹೋಗಬಾರದು ಎಂದು ಕೇಳಿ ಬೆಳೆದವರು ಇಲ್ಲಿ ಒಂದೇ ಬಕೆಟ್ ಹಂಚಿಕೊಂಡಿದ್ದೇವೆ. ಇಲ್ಲಿನ ಕಷ್ಟಗಳಾದ ನೀರಿನ ಟ್ಯಾಂಕರ್, ಮುಂಗಡ, ಮೆಜೆಸ್ಟಿಕ್ ಬಸ್ಸು ಯಾರ ಜಾತಿಯನ್ನೂ ಕೇಳುವುದಿಲ್ಲ. ಎಲ್ಲರಿಗೂ ದಾರಿ ಒಂದೇ, ನೆಗೆಯುವ ಬಗೆ ಬೇರೆ. ಊರಿನ ಹಗೆ ಮರೆತಿದ್ದೇವೆಂದಲ್ಲ. ಬ್ಯಾಗಿನಲ್ಲಿ ತಂದಿಲ್ಲ, ಅಷ್ಟೇ.

ಇಲ್ಲಿಂದ ಸ್ವಲ್ಪ ದೂರದ ಮಲ್ಲತ್ತಹಳ್ಳಿಯಲ್ಲಿ ಕಲಾಗ್ರಾಮವಿದೆ. ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ ಇರುವುದೂ ಅಲ್ಲೇ. ಇನ್ನೊಂದು ದಿಕ್ಕಿನಲ್ಲಿ, ಅದೇ ಬೆಂಗಳೂರಿನಲ್ಲಿ, ಜಗತ್ತಿನ ದೊಡ್ಡ ಗೇಮ್‌ಗಳ ಕೆಲಸ ನಡೆಯುತ್ತದೆ. 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ದೇಶದ ಮೊದಲ ಗೇಮ್ ಕಂಪನಿಗಳಲ್ಲೊಂದು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡಿತು. ಆ್ಯನಿಮೇಷನ್ ಮತ್ತು ಗೇಮಿಂಗ್‌ಗೆಂದೇ ನೀತಿ ಮಾಡಿದ ಮೊದಲ ರಾಜ್ಯ ಕರ್ನಾಟಕ, 2012ರಲ್ಲಿ. ಈಗ 2024ರಿಂದ 2029ರವರೆಗಿನ ಹೊಸ ನೀತಿ ಜಾರಿಯಲ್ಲಿದೆ. ಕಥೆ ಹೇಳುವವರೂ ಇದ್ದಾರೆ, ಗೇಮ್ ಕಟ್ಟುವವರೂ ಇದ್ದಾರೆ. ಇಬ್ಬರ ನಡುವೆ ಮೈಸೂರು ರಸ್ತೆಯ ಟ್ರಾಫಿಕ್‌ಗಿಂತ ದೊಡ್ಡ ಅಡ್ಡಿಯಿದೆ: ನಮ್ಮ ಹುಡುಗರ ಕೈ ಕೆಲಸ ಮಾಡುವುದು ಬೇರೆಯವರ ವೀರರಿಗೆ, ನಮ್ಮ ವೀರರು ಫ್ಲೆಕ್ಸ್ ಮೇಲೆ ನಿಂತಿದ್ದಾರೆ.

ಸರ್ಕಾರ ಗೇಮ್ ಬಗ್ಗೆ ಏನೂ ಮಾಡಿಲ್ಲವೆಂದಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಿಷೇಧಿಸಲು ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ಮಾಡಿತು. ಜೂಜು ನಿಲ್ಲಲಿ, ನಮ್ಮ ಒಪ್ಪಿಗೆ ಇದೆ. ಹಳ್ಳಿಗಳಲ್ಲಿ ಅದು ಮಾಡಿದ ಹಾಳು ಕಂಡವರು ನಾವು. ಆದರೆ ಮಕ್ಕಳ ಕೈಯಿಂದ ಕೆಟ್ಟ ಆಟ ಕಿತ್ತುಕೊಂಡ ಮೇಲೆ ಅವರ ಕೈಗೆ ಕೊಡಲು ನಮ್ಮ ಬಳಿ ಏನಿದೆ? ಫೋನ್ ಹಳ್ಳಿ ಹಳ್ಳಿಗೂ ಮುಟ್ಟಿದೆ. ಅದರಲ್ಲಿ ಹುಡುಗರು ಆಡುವ ಆಟದ ಭಾಷೆ ಇಂಗ್ಲಿಷ್, ವೀರರು ಪರದೇಶಿಗಳು, ಆಯುಧ ಕೊಳ್ಳಲು ಅಪ್ಪನ ಯುಪಿಐ.

ದೊಡ್ಡ ಬಜೆಟ್ ಬೇಕು ಎಂಬ ನೆಪ ಹೇಳಬೇಡಿ. ಮಾರಿಯೋಗೆ 40 ಕೆಬಿ ಸಾಕಾಯಿತು. ಕ್ರಾಸ್‌ಓವರ್ ಮಾಡಿದ್ದು ಒಬ್ಬನೇ ಒಬ್ಬ. ಇವತ್ತು ಗೊಡೊ ತರಹದ ಗೇಮ್ ಕಟ್ಟುವ ಸಾಧನಗಳು ಪೂರ್ತಿ ಉಚಿತ. ಬೇಕಿರುವುದು ಮೂರು ಕೆಲಸ.

ಮೊದಲನೆಯದು, ರಾಜ್ಯದ ಗೇಮಿಂಗ್ ನೀತಿಯ ಹಣದಲ್ಲಿ ಒಂದು ಪಾಲು ಕನ್ನಡದ ಪುಟ್ಟ ಆಟಗಳಿಗೆಂದು ಮೀಸಲಾಗಲಿ. ಕೋಟಿಗಳ ಮಾತಲ್ಲ. ಇಂಜಿನಿಯರಿಂಗ್ ಕಾಲೇಜಿನ ಇಬ್ಬರು, ಜಾನಪದ ಓದಿದ ಒಬ್ಬರು, ಚಿತ್ರಕಲೆ ಕಲಿತ ಒಬ್ಬರು ಆರು ತಿಂಗಳು ಕೂತು ಕೆಲಸ ಮಾಡುವಷ್ಟು. ಕಲಾಗ್ರಾಮದಂಥ ಜಾಗದಲ್ಲಿ ಅವರಿಗೊಂದು ಕೋಣೆ.

ಎರಡನೆಯದು, ಮಾಡಿದ ಆಟ ಉಳಿಯಬೇಕು. ಕ್ರಾಸ್‌ಓವರ್ ನಿಂತಿದ್ದದ್ದು ಫ್ಲ್ಯಾಶ್ ಎಂಬ ತಂತ್ರಾಂಶದ ಮೇಲೆ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಕಂಪನಿ ಫ್ಲ್ಯಾಶ್ ನಿಲ್ಲಿಸಿತು, ಬ್ರೌಸರ್‌ಗಳಲ್ಲಿ ಅಂಥ ಅಸಂಖ್ಯ ಆಟಗಳು ಒಮ್ಮೆಲೇ ಕಣ್ಣು ಮುಚ್ಚಿದವು. ಫ್ಲ್ಯಾಶ್‌ಪಾಯಿಂಟ್, ರಫಲ್ ಎಂಬ ಯೋಜನೆಗಳಲ್ಲಿ ಸ್ವಯಂಸೇವಕರು ಅವನ್ನು ಉಳಿಸಿಕೊಳ್ಳಲು ದುಡಿದರು, ಈಗಲೂ ದುಡಿಯುತ್ತಿದ್ದಾರೆ. ನಮ್ಮ ಗ್ರಂಥಾಲಯಗಳು, ವಿಶ್ವವಿದ್ಯಾಲಯಗಳು ತಾಳೆಗರಿ ಕಾಯುವ ಕಾಳಜಿಯ ಒಂದಂಶವನ್ನಾದರೂ ಇದಕ್ಕೆ ಕೊಡಲಿ. ಹಳದಿ ಕ್ಯಾಸೆಟ್ಟುಗಳೂ ನಮ್ಮ ಸಾಮಾಜಿಕ ಇತಿಹಾಸವೇ. ಒಂದೊಂದಾಗಿ ಗುಜರಿಗೆ ಹೋಗುತ್ತಿವೆ.

ಮೂರನೆಯದು ನಮ್ಮ ವೃತ್ತಿಯವರಿಗೆ ಮತ್ತು ವೀರರ ಹೆಸರಿನ ಸಂಘಗಳಿಗೆ ಸೇರಿದ್ದು, ಇದೇ ಕಷ್ಟದ್ದು. ನಿಮ್ಮ ವೀರರನ್ನು ಕಡ ಕೊಡಿ. ಓಬವ್ವ ಬೀದರಿನ ಹುಡುಗಿಯ ಬೆರಳಿನಲ್ಲಿ ಓಡಲಿ, ಅಬ್ಬಕ್ಕ ಚಾಮರಾಜನಗರದ ಕೆರೆ ಹಾರಲಿ, ರಾಯಣ್ಣ ಮಂಗಳೂರಿನ ಹುಡುಗನ ಕೈಯಲ್ಲಿ ಹತ್ತು ಸಲ ಗುಂಡಿಗೆ ಬಿದ್ದು ಹನ್ನೊಂದನೇ ಸಲ ದಾಟಲಿ. ಆಟದಲ್ಲಿ ವೀರ ಬಿದ್ದರೆ ಅದು ಅವಮಾನವಲ್ಲ. ಬಿದ್ದವನನ್ನು ಎಬ್ಬಿಸುವುದೇ ಆಟ. ಎದುರಾಳಿಯಾಗಿ ಯಾವ ಸಮುದಾಯದ ಸೈನಿಕನೂ ಬೇಡ. ಒಣಗಿದ ಕೆರೆ, ಬಡ್ಡಿ ಸಾಲದ ಭೂತ, ಮಧ್ಯವರ್ತಿ, ಬಾರದ ಬಸ್ಸು ಇದ್ದೇ ಇವೆ. ನಮ್ಮೂರಿನಲ್ಲಿ ಆಮೆಗಳಿಗೇನು ಕೊರತೆ?

ಆ ದಿನ ಮೊದಲ ಪೊಲೀಸ್ ದೂರು ಬರುವುದೂ ಖಂಡಿತ. ನಮ್ಮ ವೀರನನ್ನು ಗಿಡ್ಡ ಮಾಡಿದ್ದಾರೆ, ಅವರ ವೀರನಿಗೆ ಹೆಚ್ಚು ಜೀವ ಕೊಟ್ಟಿದ್ದಾರೆ ಎಂದು ಯಾರಾದರೂ ಮನವಿ ಹಿಡಿದು ಬರುತ್ತಾರೆ. ಆಗ ಕ್ಯಾಮೆರಾ ಅವರತ್ತ ತಿರುಗಿಸುವ ಮೊದಲು, ಒಮ್ಮೆ ಆಟ ಆಡಿ ನೋಡಿದ್ದೀರಾ ಎಂದು ಕೇಳುವ ವರದಿಗಾರ ಬೇಕು. ಆ ಪ್ರಶ್ನೆ ಕೇಳಲು ನಾವು ತಯಾರಿದ್ದೇವೆ. ಆಟ ಮಾಡುವವರು ಇದ್ದರೆ ಬರೆಯಿರಿ, ನಮ್ಮ ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್, ಐದು ಜಿಲ್ಲೆಯ ಕನ್ನಡ ಮತ್ತು ಬೇಕಾದಷ್ಟು ಚಹಾ ಇದೆ.